ತಿದ್ದದ ಮುಖ

ನನ್ನ ಚಿಕ್ಕಮ್ಮ ಇಪ್ಪತ್ತಾರು ವರ್ಷಗಳಿಂದ ಈ ಊರಿನ ಮುಖಗಳನ್ನು ತಿದ್ದುತ್ತಿದ್ದಾಳೆ. ಮೇಷ್ಟರಂತೆ ಬೈದು ತಿದ್ದುವುದಲ್ಲ. ಫೋಟೊ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಗಿರಾಕಿಗಳ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಜೋತುಬಿದ್ದ ಗಲ್ಲ, ಬೋಳು ನೆತ್ತಿ ಇವುಗಳಿಗೆಲ್ಲ ಒಂದು ಗತಿ ಕಾಣಿಸುವುದು. ಅರ್ಜಿಗೆ ಅಂಟಿಸುವ ಪುಟ್ಟ ಫೋಟೊದಿಂದ ಹಿಡಿದು ಗೋಡೆಗೆ ತೂಗುಹಾಕುವ ದೊಡ್ಡ ಪಟದವರೆಗೆ ಈ ಊರಿನ ಗಂಡಸರು ನೋಡಲು ಲಕ್ಷಣವಾಗಿರುವುದು ಅವಳ ಕೈಗುಣದಿಂದ. ಹಾಗೆ ಲಕ್ಷಣವಂತರಾದವರೇ ಅವಳ ಮುಖಕ್ಕೆ ಮಸಿ ಬಳಿಯಲು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಂತ ಮನಸ್ಸಿನಿಂದ ಬರೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು.

ಚಿಕ್ಕಪ್ಪ ತೀರಿಹೋಗಿ ಹನ್ನೊಂದು ವರ್ಷವಾಯಿತು. ಮಕ್ಕಳಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಚಿಕ್ಕಮ್ಮ ಒಬ್ಬಳೇ ಇದ್ದಾಳೆ. ಮಧ್ಯಾಹ್ನದವರೆಗೆ ಸ್ಟುಡಿಯೋದ ಕೌಂಟರಿನಲ್ಲಿ ಕೂರುವುದು, ಆಮೇಲೆ ಒಳಗೆ ಹೋಗಿ ಮುಖ ತಿದ್ದುವುದು ಅವಳ ದಿನಚರಿ. ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲಿದೆ. ಅದರ ಒಂದು ಕಾಲು ಗಿಡ್ಡ. ಕೆಳಗೆ ಮಡಿಸಿಟ್ಟ ರಟ್ಟು. ಬೇರೆ ಯಾರು ಕೂತರೂ ಕುಂಟುತ್ತದೆ, ಅವಳು ಕೂತರೆ ಮಾತ್ರ ಹೇಳಿದ ಮಾತು ಕೇಳುತ್ತದೆ. ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಬಂದವರ ಕಣ್ಣಲ್ಲಿ ಕಣ್ಣಿಟ್ಟು, "ಏನ್ ಬೇಕು?" ಎಂದು ಕೇಳುವುದೇ ಅವಳ ಆಸ್ತಿ. ಬೇರೆ ಆಸ್ತಿ ಇರಲಿಲ್ಲ, ಬೇಕೆಂದವಳೂ ಅಲ್ಲ.

ಅವಳ ಎಡಗೆನ್ನೆಯ ಮೇಲೆ ಕಿರುಬೆರಳಿನಷ್ಟು ಉದ್ದದ ಕಲೆಯಿದೆ. ಚಿಕ್ಕಂದಿನಲ್ಲಿ ನನ್ನ ಅಮ್ಮ, ಅಂದರೆ ಅವಳ ಅಕ್ಕ, ಆಟದ ಭರದಲ್ಲಿ ತಳ್ಳಿದಾಗ ಬಾಗಿಲ ಚಿಲಕ ತಾಗಿ ಆದದ್ದು. ಊರವರ ಕಲೆಗಳನ್ನೆಲ್ಲ ಅಳಿಸುವವಳು ತನ್ನದನ್ನು ಮಾತ್ರ ಯಾವ ಫೋಟೊದಲ್ಲೂ ಅಳಿಸಿಲ್ಲ. ಗುರುತಿನ ಚೀಟಿಯಲ್ಲೂ ಅದು ಇದೆ. ಯಾಕೆಂದು ಕೇಳಿದರೆ, "ಅಕ್ಕ ಕೊಟ್ಟಿದ್ದು, ಇರಲಿ ಬಿಡು," ಅನ್ನುತ್ತಾಳೆ. ಹಣೆಯ ಮೇಲೆ ಬಿಸಿ ಎಣ್ಣೆ ಸಿಡಿದು ಆದ ಮೂರು ಸಣ್ಣ ಚುಕ್ಕಿಗಳೂ ಇವೆ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತವೆ.

ಅವಳ ಕಸುಬಿನಲ್ಲಿ ಎರಡು ನಿಯಮಗಳಿವೆ. ಒಂದು, ಮೂಲ ಫೋಟೊವನ್ನು ಎಂದೂ ಅಳಿಸಬಾರದು. "ತಿದ್ದಿದ್ದು ಗಿರಾಕಿಗೆ, ತಿದ್ದದೇ ಇರೋದು ನಮಗೆ," ಎಂಬುದು ಅವಳ ಮಾತು. ಎರಡು, ಕಲೆ ಮುಚ್ಚುವಾಗ ಪಕ್ಕದ ಚರ್ಮವನ್ನೇ ಎತ್ತಿ ಹಾಕಬೇಕು. ಕಂಪ್ಯೂಟರಿನಲ್ಲಿ ಮುಖದ ಒಂದು ಕಡೆಯ ಚೂರನ್ನು ನಕಲು ಮಾಡಿ ಇನ್ನೊಂದು ಕಡೆಗೆ ಅಂಟಿಸಬಹುದು. ಕೆನ್ನೆಗೆ ಕೆನ್ನೆಯ ಚೂರು, ಮೂಗಿಗೆ ಮೂಗಿನ ಚೂರು. ಇಲ್ಲದಿದ್ದರೆ ಹರಿದ ಪರದೆಗೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗಿರುತ್ತದೆ.

ಈ ಎರಡನೆಯ ನಿಯಮ ಹಿಡಿಸದ ಶಿಷ್ಯನೊಬ್ಬ ಅವಳಿಗಿದ್ದ. ನಾಲ್ಕು ವರ್ಷ ಅವಳ ಪಕ್ಕದಲ್ಲಿ ಕೂತು ಕಲಿತ. ಕೈ ಚುರುಕು, ತಾಳ್ಮೆ ಸೊನ್ನೆ. ಹಣೆ ಅಗಲವಾಗಿ, ಬೆಳಕಾಗಿ ಇರುತ್ತದೆಂದು ಯಾವ ಕಲೆಗೂ ಹಣೆಯ ಚರ್ಮವನ್ನೇ ತಂದು ಮೆತ್ತುತ್ತಿದ್ದ. ಚಿಕ್ಕಮ್ಮ ಅವನಿಗೆ ಹಣೆರಾಯ ಎಂದು ಹೆಸರಿಟ್ಟಳು. ಬೈದಳು, ತಲೆಗೆ ಮೊಟಕಿದಳು, ಮತ್ತೆ ಕಲಿಸಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕೊನೆಗೆ ಅವನು ಅದೇ ರಸ್ತೆಯಲ್ಲಿ ಎದುರಿಗೇ ಗಾಜಿನ ಬಾಗಿಲಿನ ಹೊಸ ಸ್ಟುಡಿಯೋ ತೆರೆದ. ಗಿರಾಕಿಗಳು ಕೂತಲ್ಲೇ ತಮ್ಮ ಮುಖ ತಿದ್ದುವುದನ್ನು ನೋಡಲೆಂದು ಗೋಡೆಗೆ ಬಾಗಿಲಗಲದ ಪರದೆ ಹಾಕಿಸಿದ.

ಅವನು ಜಾಲತಾಣದ ತನ್ನ ಅಂಗಡಿಯ ಪುಟದಲ್ಲಿ ಒಬ್ಬ ಮದುಮಗಳ ಫೋಟೊ ಹಾಕಿ, ಇಂಥ ಕೆಲಸ ಊರಲ್ಲಿ ಬೇರೆ ಯಾರಿಗೂ ಬರದು ಎಂದು ಬರೆದುಕೊಂಡ. ಚಿಕ್ಕಮ್ಮನಿಗೆ ಸ್ವಂತ ಖಾತೆ ಇಲ್ಲ. ನಮ್ಮ ಸ್ಟುಡಿಯೋದ ಖಾತೆಯಿಂದಲೇ ಅದರ ಕೆಳಗೆ ಬರೆದಳು: "ಹಣೆರಾಯ, ಹುಡುಗಿಯ ಕೆನ್ನೆಗೆ ಹಣೆ ಬಂದು ಕೂತಿದೆ. ನಾಲ್ಕು ವರ್ಷ ನಾನು ಕಲಿಸಿದ್ದು ನೀರಲ್ಲಿ ಹೋಮ." ನಾನೂರು ಜನ ನಕ್ಕರು. ಆ ಹೆಸರು ಅವನ ಬೆನ್ನಿಗೆ ಅಂಟಿತು. ಮದುಮಗಳ ಮನೆಯವರು ಫೋಟೊ ವಾಪಸ್ ಕೊಟ್ಟರಂತೆ. ಒಳಗೆ ಕರೆದು ಹೇಳಬೇಕಾದದ್ದನ್ನು ಊರಿನ ಮುಂದೆ ಹೇಳಿದ್ದು ಚಿಕ್ಕಮ್ಮನ ತಪ್ಪೇ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಅವನು ತೀರಿಸಿಕೊಂಡ ರೀತಿ ಇದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮೂರು ವಾರದ ನಂತರ ಒಂದು ಬೆಳಗ್ಗೆ ಔಷಧಿ ಅಂಗಡಿಯವನು ಕೌಂಟರಿಗೆ ಬಂದು ಮೊಣಕೈ ಊರಿ ನಿಂತ. ನಾನು ಆಗಷ್ಟೇ ಸ್ಟುಡಿಯೋದಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದ್ದೆ. ಅವನು ಹಲ್ಲು ಕಿರಿದು ಹೇಳಿದ:

"ಮೇಡಂ, ಬಾಗಿಲು ತೆರೆದಿದೆಯಂತೆ."

"ಒಂಬತ್ತಕ್ಕೇ ತೆಗೆದಿದ್ದೀವಿ. ಏನ್ ಬೇಕು?" ಎಂದಳು ಚಿಕ್ಕಮ್ಮ.

ಅವನು ನಗುತ್ತಾ ಹೋದ. ಮಧ್ಯಾಹ್ನದೊಳಗೆ ಇನ್ನಿಬ್ಬರು ಹಾಗೇ ಬಂದು ನಕ್ಕು ಹೋದರು. ನಾಲ್ಕನೆಯವನು ತನ್ನ ಫೋನಿನಲ್ಲಿ ಒಂದು ಖಾತೆಯನ್ನೇ ತೋರಿಸಿದ. ಚಿಕ್ಕಮ್ಮನ ಹೆಸರು, ಚಿಕ್ಕಮ್ಮನ ಮುಖ, ಸ್ಟುಡಿಯೋದ ವಿಳಾಸ. ಕೆಳಗೆ ಒಂದು ಸಾಲು: "ಒಂಟಿ ಜೀವ. ಸ್ನೇಹಕ್ಕೆ ಬಾಗಿಲು ತೆರೆದಿದೆ. ಮೆಸೇಜ್ ಮಾಡಿ."

ಚಿಕ್ಕಮ್ಮ ಮುಖ ತಿರುಗಿಸಿದಳು. ಕಿವಿಯ ತುದಿ ಕೆಂಪಾದದ್ದು ನನಗೆ ಕಾಣಿಸಿತು. ಒಂದು ವಾರದಲ್ಲಿ ಸ್ಟುಡಿಯೋದ ಯಜಮಾನರು ಲೆನ್ಸ್ ಒರೆಸುತ್ತಾ, ಅವಳ ಮುಖ ನೋಡದೆ ಹೇಳಿದರು: "ನೋಡಮ್ಮ, ಸ್ವಲ್ಪ ದಿನ ಒಳಗೇ ಇದ್ಬಿಡು. ಹೆಂಗಸರು ಗಿರಾಕಿಗಳು ಬರೋಕೆ ಹಿಂದೆಮುಂದೆ ನೋಡ್ತಿದ್ದಾರೆ. ಕೌಂಟರಲ್ಲಿ ಹುಡುಗಿ ಕೂರಲಿ." ಹೀಗೆ ಆ ಸ್ಟೂಲು ನನಗೆ ಬಂತು. ನಾನು ಕೂತರೆ ಕುಂಟುತ್ತಿತ್ತು.

ಮನೆಯಲ್ಲಿ ವಿಷಯ ಹೇಳಿದ್ದು ಒಂದು ಶನಿವಾರ. ಅಮ್ಮ ಬಾಯಿಗೆ ಸೆರಗು ಹಿಡಿದಳು. ಅಪ್ಪ ನನ್ನ ಫೋನು ನೋಡಲೂ ಇಲ್ಲ, ಕೇಳಲೂ ಇಲ್ಲ. ಊಟದ ತಟ್ಟೆಯಿಂದ ತಲೆಯೆತ್ತದೆ ತೀರ್ಪು ಕೊಟ್ಟರು:

"ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಅವಳೇ ಏನೋ ಮಾಡ್ಕೊಂಡಿರ್ತಾಳೆ. ಸ್ವಲ್ಪ ದಿನ ಈ ಕಡೆ ಬರೋದು ಬೇಡ ಅಂತ ಹೇಳ್ಬಿಡು."

ಚಿಕ್ಕಮ್ಮ ಪ್ರತಿ ಭಾನುವಾರ ನಮ್ಮಲ್ಲಿ ಊಟ ಮಾಡುತ್ತಿದ್ದಳು. ಮಾರನೇ ದಿನ ಅಮ್ಮ ಒಂದು ತಟ್ಟೆ ಕಡಿಮೆ ಇಟ್ಟಳು.

ಪೊಲೀಸ್ ಠಾಣೆಗೆ ಹೋದೆವು. ಅಲ್ಲಿಯ ಅಧಿಕಾರಿ ಹೆಂಗಸು, ಮರ್ಯಾದೆಯಿಂದಲೇ ಕೇಳಿಸಿಕೊಂಡಳು. ದೂರು ಬರೆಸಿಕೊಂಡು, "ಕಂಡದ್ದನ್ನೆಲ್ಲ ತಾರೀಖು ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ, ಏನನ್ನೂ ಅಳಿಸೋಕೆ ಬಿಡಬೇಡಿ. ಯಾರು ಮಾಡಿದ್ದು ಅಂತ ತಿಳಿಯೋಕೆ ಟೈಮ್ ಹಿಡಿಯುತ್ತೆ," ಎಂದಳು. ಜಾಲತಾಣಕ್ಕೂ ದೂರು ಕೊಟ್ಟೆ. ಅವರು ಗುರುತಿನ ಚೀಟಿ ಕೇಳಿದರು. ಕಳಿಸಿದೆ. ಎರಡು ದಿನದ ಮೇಲೆ ಉತ್ತರ ಬಂತು: ಚೀಟಿಯ ಮುಖವೂ ಖಾತೆಯ ಮುಖವೂ ಹೊಂದುತ್ತಿಲ್ಲ, ಆದ್ದರಿಂದ ನಿಮ್ಮ ದೂರು ತಿರಸ್ಕೃತ. ಅಸಲಿಯನ್ನೇ ನಕಲಿ ಎಂದಿದ್ದರು. ಫೋನನ್ನು ಗೋಡೆಗೆ ಬಡಿಯೋಣ ಎನಿಸಿತು.

ಆದರೆ ಚಿಕ್ಕಮ್ಮ ಆ ಉತ್ತರವನ್ನು ಎರಡು ಸಲ ಓದಿದಳು.

"ಹೊಂದುತ್ತಿಲ್ಲವಂತಾ? ಎಲ್ಲಿ, ಆ ಫೋಟೊ ಕೊಡು."

ಅಲ್ಲಿಯವರೆಗೆ ಅವಳು ಆ ಫೋಟೊವನ್ನು ನೆಟ್ಟಗೆ ನೋಡಿಯೇ ಇರಲಿಲ್ಲ. ಅಸಹ್ಯದಿಂದ ಮುಖ ತಿರುಗಿಸುತ್ತಿದ್ದಳು. ಈಗ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ದಿನವೂ ಬೇರೆಯವರ ಮುಖವನ್ನು ನೋಡುವ ಹಾಗೆ ನೋಡಿದಳು. ಕೆನ್ನೆಯ ಕಲೆ ಇರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿದಳು. ಕಲೆ ಇರಬೇಕಾದ ಜಾಗದಲ್ಲಿ ನುಣುಪಾದ, ಸ್ವಲ್ಪ ಹೊಳೆಯುವ ಚರ್ಮ. ಅದರ ಮಧ್ಯೆ ಮೂರು ಸಣ್ಣ ಚುಕ್ಕಿಗಳು. ಮೇಲಕ್ಕೆ ಹೋದಳು. ಹಣೆಯ ಮೇಲೆ ಅವೇ ಮೂರು ಚುಕ್ಕಿಗಳು.

ಚಿಕ್ಕಮ್ಮ ಕುರ್ಚಿಗೆ ಒರಗಿ ನಕ್ಕಳು. ಹನ್ನೆರಡು ದಿನಗಳಲ್ಲಿ ಮೊದಲ ನಗು, ಕೇಳಲು ಹಿತವಾಗಿರಲಿಲ್ಲ.

"ನನ್ನ ಮಾನ ಕಳೆಯೋಕೆ ಕೂತಾಗಲೂ ಇವನ ಕೈ ಸುಮ್ಮನಿರಲಿಲ್ಲ ನೋಡು. ಕಲೆ ಇದ್ದ ಹಾಗೇ ಬಿಡೋಕಾಗಲಿಲ್ಲ. ಹಣೆ ತಂದು ಮೆತ್ತಿದ್ದಾನೆ."

ಆ ಫೋಟೊ ಎಲ್ಲಿಯದೆಂದೂ ತಿಳಿಯಿತು. ಹೊಸ ಲೈಟುಗಳು ಬಂದಾಗ ಬೆಳಕು ಪರೀಕ್ಷಿಸಲು ಅವಳನ್ನೇ ಕೂರಿಸಿ ತೆಗೆದದ್ದು. ತೆಗೆದವನು ಹಣೆರಾಯ. ಮೂಲಪ್ರತಿ ಕಲೆಯ ಸಮೇತ ನಮ್ಮಲ್ಲಿ ಭದ್ರವಾಗಿತ್ತು. ಯಾವ ಗಿರಾಕಿಗೂ ಕೊಡದ ಫೋಟೊ ಅದು.

ಮಾರನೇ ಬೆಳಗ್ಗೆ ಹನ್ನೊಂದು ಗಂಟೆಗೆ, ಜನ ಇರುವ ಹೊತ್ತು ನೋಡಿಕೊಂಡೇ, ನನ್ನನ್ನು ಕರೆದುಕೊಂಡು ಎದುರಿನ ಸ್ಟುಡಿಯೋಗೆ ಹೋದಳು. ಸೋಫಾದ ಮೇಲೆ ಐದಾರು ಗಿರಾಕಿಗಳಿದ್ದರು. ಗುರುವನ್ನು ಕಂಡು ಹಣೆರಾಯ ಎದ್ದು ನಿಂತ.

"ಒಂದು ಫೋಟೊ ತೆಗಿಯಪ್ಪ," ಎಂದು ಚಿಕ್ಕಮ್ಮ ಲೈಟಿನ ಮುಂದೆ ಕೂತಳು.

ಅವನು ತೆಗೆದ. ಗೋಡೆಯ ಪರದೆಯ ಮೇಲೆ ಅವಳ ಮುಖ ಕಲೆಯ ಸಮೇತ ಬಂತು.

"ಈಗ ಇವಳ ಫೋನಲ್ಲಿರೋದನ್ನ ಪಕ್ಕದಲ್ಲಿ ಹಾಕು. ಕೆನ್ನೆ ದೊಡ್ಡದು ಮಾಡು."

ಅವನ ಕೈ ಮೌಸಿನ ಮೇಲೆ ಅಲ್ಲಾಡಲಿಲ್ಲ. ನಾನೇ ಹೋಗಿ ಹಾಕಿದೆ. ಸೋಫಾದ ಮೇಲಿದ್ದ ಅಜ್ಜಿಯೊಬ್ಬಳು ಕನ್ನಡಕ ಸರಿಮಾಡಿಕೊಂಡು, "ಇದೇನಮ್ಮ, ಹಣೆ ಮೇಲಿನ ಚುಕ್ಕಿ ಕೆನ್ನೆಗೂ ಬಂದಿದೆ," ಎಂದಳು. ಪಕ್ಕದವನೊಬ್ಬ ಪಿಸುಗುಟ್ಟಿದ, "ಹಣೆರಾಯನ ಕೆಲಸ." ಆ ಹೆಸರು ಊರಿಗೆಲ್ಲ ಗೊತ್ತಿತ್ತಲ್ಲ.

"ಅಕ್ಕಾ, ಒಳಗೆ ಬನ್ನಿ, ಮಾತಾಡೋಣ," ಎಂದ ಅವನು. ಬೆವರು ಹಣೆಯಿಂದ ಕೆನ್ನೆಗಿಳಿಯುತ್ತಿತ್ತು.

"ಒಳಗೇನಿದೆ? ಹೊರಗೆ ಮಾಡಿದ್ದೀಯ, ಹೊರಗೇ ಮಾತಾಡು."

"ನೀವು ನಾನೂರು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ರಿ."

"ತೆಗೆದೆ. ಅದು ತಪ್ಪು. ಆದ್ರೆ ಬರೆದಿದ್ದು ನಾನು ಅಂತ ಎಲ್ಲರಿಗೂ ಗೊತ್ತಾಗೋ ಹಾಗೆ ಬರೆದೆ. ನೀನು ನನ್ನ ಮುಖ ಹಾಕ್ಕೊಂಡು ಬರೆದೆ."

ಅವನು ಖಾತೆಯನ್ನು ಆಗಲೇ ಅಳಿಸಿಬಿಡುತ್ತೇನೆಂದ. ಚಿಕ್ಕಮ್ಮ ಬಿಡಲಿಲ್ಲ. ಮೊದಲು ಆ ಕಲೆಯನ್ನು ವಾಪಸ್ ಹಾಕಿಸಿದಳು. ನಮ್ಮ ಮೂಲಪ್ರತಿ ನೋಡಿಕೊಂಡು, ಎಲ್ಲರೆದುರು, ಗೋಡೆಯ ಪರದೆಯ ಮೇಲೆ, ಒಂದೊಂದು ಗೆರೆಯಾಗಿ ಅವನೇ ಹಾಕಬೇಕಾಯಿತು. "ಇನ್ನೂ ಸ್ವಲ್ಪ ಕೆಳಗೆ. ಪಕ್ಕದ ಚರ್ಮ ತಗೋ, ಹಣೆ ಅಲ್ಲ," ಎಂದು ಹಳೆಯ ದಿನಗಳಂತೆಯೇ ತಿದ್ದುತ್ತಿದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಯಾವ ಗಿರಾಕಿಯೂ ಎದ್ದು ಹೋಗಲಿಲ್ಲ. ಆಮೇಲೆ ಅವನ ಸ್ವಂತ ಖಾತೆಯಲ್ಲಿ, ಅವನ ಫೋಟೊದ ಕೆಳಗೆ, ಸುಳ್ಳು ಖಾತೆ ಮಾಡಿದವನು ನಾನೇ ಎಂದು ಬರೆಸಿದಳು. ಕೊನೆಗೆ ಸುಳ್ಳು ಖಾತೆಯ ಪಾಸ್‌ವರ್ಡ್ ಬರೆಸಿಕೊಂಡಳು.

"ಹೇಳಿದ್ದೆಲ್ಲ ಮಾಡಿದ್ನಲ್ಲ ಅಕ್ಕಾ. ದೂರು ವಾಪಸ್ ತಗೊಳ್ಳಿ," ಎಂದು ಅವನು ಕೈಮುಗಿದ.

"ಇದು ನಾನು ಕೊಟ್ಟ ಶಿಕ್ಷೆ. ಅವರದ್ದು ಅವರು ಕೊಡ್ತಾರೆ," ಎಂದು ಹೇಳಿ ಚಿಕ್ಕಮ್ಮ ಅಲ್ಲಿಂದಲೇ ಠಾಣೆಗೆ ನಡೆದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಹಣೆರಾಯ ಸಿಕ್ಕಿಬಿದ್ದರೂ ಕೌಂಟರಿನ ಮುಂದೆ ನಕ್ಕವರು ನಕ್ಕ ಹಾಗೇ ಉಳಿದರು. "ಪಾಪ, ಯಾರೋ ತಮಾಷೆ ಮಾಡಿದ್ದಂತೆ" ಎಂದು ಮಾತು ಹೊರಳಿಸಿದರು. ಆದರೆ ಆ ಖಾತೆಯೊಳಗೆ ಅವರು ಕಳಿಸಿದ ಮೆಸೇಜುಗಳಿದ್ದವು. ನಾನು ಖಾತೆ ತೆರೆದಾಗ ಪಟ್ಟಿಯ ತಲೆಯ ಮೇಲೆ ಹದಿನೇಳು ಎಂಬ ಅಂಕಿ ಕಂಡೆ. ಅಷ್ಟರಲ್ಲಿ ಚಿಕ್ಕಮ್ಮ, "ನೀನು ನೋಡೋ ಅಂಥದ್ದಲ್ಲ," ಎಂದು ನನ್ನನ್ನು ಎಬ್ಬಿಸಿ ಒಳಕೋಣೆಯ ಬಾಗಿಲು ಹಾಕಿಕೊಂಡಳು.

ಎರಡು ಗಂಟೆಯ ಮೇಲೆ ಹೊರಗೆ ಬಂದಾಗ ಅವಳ ಮುಖ ಕಲ್ಲಾಗಿತ್ತು. "ಎಲ್ಲರೂ ತಮ್ಮ ಸ್ವಂತ ಹೆಸರಲ್ಲೇ ಬರೆದಿದ್ದಾರೆ. ಹಾಕ್ಕೊಂಡಿರೋ ಫೋಟೊನೂ ನಾನು ತಿದ್ದಿಕೊಟ್ಟಿದ್ದೇ," ಎಂದು ನನ್ನ ಕೈಗೆ ಹದಿನಾರು ಫೈಲುಗಳ ನಂಬರು ಬರೆದ ಚೀಟಿ ಕೊಟ್ಟಳು. ಪ್ರತಿಯೊಬ್ಬನ ತಿದ್ದದ ಮೂಲ ಫೋಟೊ, ಹಾಳೆ ತುಂಬುವಷ್ಟು ದೊಡ್ಡದು. ಕೆಳಗೆ ಅವನೇ ಬರೆದ ಮಾತು, ತಾರೀಖಿನ ಸಮೇತ. ಬೇರೇನೂ ಇಲ್ಲ. ಪ್ರಿಂಟು ತೆಗೆದು ಸ್ಟುಡಿಯೋದ ಹಳದಿ ಕವರಿನಲ್ಲಿ ಹಾಕಿ ಅಂಟಿಸಿದೆ. ಒಬ್ಬ ಹತ್ತು ವರ್ಷದ ಹಿಂದೆ ಫೋಟೊದಿಂದ ತೆಗೆಸಿದ್ದ ಮೂಗಿನ ಪಕ್ಕದ ನರುಳ್ಳೆ ಮತ್ತೆ ಕಂಡಿತು. ಊರಿನ ಶಾಲೆಯ ಹೆಡ್‌ಮಾಸ್ಟರು "ಪರಿಶುದ್ಧ ಮನಸ್ಸಿನ ಗೆಳೆತನ" ಕೇಳಿದ್ದರು. ಅದರ ಮುಂದಿನ ಸಾಲನ್ನು ಇಲ್ಲಿ ಬರೆಯಲಾರೆ.

"ಹದಿನೇಳು ಇತ್ತಲ್ಲ ಚಿಕ್ಕಮ್ಮ?"

"ಒಬ್ಬ ಯಾರೋ ಪರವೂರಿನವನು. ಅವನ ಫೋಟೊ ನಮ್ಮಲ್ಲಿಲ್ಲ."

ಮಾರನೇ ದಿನ ಅವಳು ಯಾರನ್ನೂ ಕೇಳದೆ ಬಂದು ಸ್ಟೂಲಿನ ಮೇಲೆ ಕೂತಳು. ಯಜಮಾನರು ಲೆನ್ಸ್ ಒರೆಸುವುದರಲ್ಲಿ ಮುಳುಗಿದರು. ಅವಳು ಒಬ್ಬೊಬ್ಬರಿಗೂ ಫೋನು ಮಾಡಿದಳು, ಇಪ್ಪತ್ತಾರು ವರ್ಷ ಮಾಡಿದ ಅದೇ ದನಿಯಲ್ಲಿ: "ನಿಮ್ಮ ಫೋಟೊ ರೆಡಿ ಇದೆ. ಬಂದು ತಗೊಂಡು ಹೋಗಿ. ಮನೆಯವರನ್ನೂ ಕರ್ಕೊಂಡು ಬನ್ನಿ."

ಔಷಧಿ ಅಂಗಡಿಯವನು ಹೆಂಡತಿಯ ಜೊತೆ ಬಂದ. ಕವರನ್ನು ಕೌಂಟರಿನ ಮೇಲೇ ಬಿಚ್ಚಿ, ಕಣ್ಣಾಡಿಸಿ, ತಕ್ಷಣ ಮುಚ್ಚಿದ. ಹೆಂಡತಿ ಕೈಚಾಚಿದಳು. "ಏನಿಲ್ಲ, ಚೆನ್ನಾಗಿ ಬಂದಿಲ್ಲ," ಎಂದ. "ಕೊಡಿ, ನೋಡ್ತೀನಿ," ಎಂದಳು ಅವಳು. ಆಮೇಲೆ ಅಲ್ಲಿ ಆದದ್ದನ್ನು ನಾನು ಕಣ್ತುಂಬ ನೋಡಿದೆ. ಹೆಡ್‌ಮಾಸ್ಟರು ಒಬ್ಬರೇ ಬಂದು, ತೆರೆದು ನೋಡಿ, "ಇದು ಖಾಸಗಿ ವಿಷಯ," ಎಂದು ಗದರಲು ನೋಡಿದರು.

"ಹೌದು, ಖಾಸಗೀನೇ. ಅದಕ್ಕೇ ಕವರಲ್ಲಿ ಹಾಕಿದ್ದೀನಿ," ಎಂದಳು ಚಿಕ್ಕಮ್ಮ.

ನಾಲ್ಕನೆಯ ದಿನದ ಹೊತ್ತಿಗೆ ಆ ಫೋನಿನ ಅರ್ಥ ಊರಿಗೆಲ್ಲ ತಿಳಿದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಮೆಸೇಜು ಕಳಿಸದ ಇಬ್ಬರೂ ಬಂದು ತಮ್ಮ ಫೋಟೊ ಏನಾದರೂ ಇದೆಯೇ ಎಂದು ವಿಚಾರಿಸಿ ಹೋದರು. ಹೆಂಗಸರು ಮತ್ತೆ ಬರತೊಡಗಿದರು, ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ ಮಾತಾಡತೊಡಗಿದರು. ನಮ್ಮ ಮನೆಯಿಂದ ಮಾತ್ರ ಭಾನುವಾರದ ಊಟಕ್ಕೆ ಕರೆ ಬರಲಿಲ್ಲ. ಹಣೆರಾಯ ಒಪ್ಪಿಕೊಂಡದ್ದನ್ನು ತೋರಿಸಿದರೂ ಅಪ್ಪ, "ಆದ್ರೂ ಜನ ಆಡ್ಕೋತಾರೆ," ಎಂದರು.

ಹದಿನೇಳನೆಯದು ನನಗೆ ಸಿಕ್ಕಿದ್ದು ಶುಕ್ರವಾರ. ಯಾವುದೋ ಗಿರಾಕಿಯ ಹಳೆಯ ಫೈಲು ಹುಡುಕುತ್ತಾ ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಕವರುಗಳ ಹಾಳೆಗಳನ್ನಿಟ್ಟ ಜಾಗಕ್ಕೆ ಹೋದೆ. ಅಲ್ಲಿ ಹದಿನೇಳು ಹಾಳೆಗಳಿದ್ದವು. ಕೊನೆಯದನ್ನೂ ಅವಳು ಉಳಿದವುಗಳಂತೆಯೇ ಸಿದ್ಧಮಾಡಿದ್ದಳು. ಪ್ರಿಂಟಿಗೆ ಮಾತ್ರ ಕೊಟ್ಟಿರಲಿಲ್ಲ. ಅಳಿಸಿಯೂ ಇರಲಿಲ್ಲ, ಅಳಿಸುವುದು ಅವಳ ಕೈಗೆ ಬರುವುದಿಲ್ಲ.

ಬೋಳಾಗುತ್ತಿದ್ದ ಮುಂದಲೆ, ದಣಿದ ಕಣ್ಣು. ನಮ್ಮ ಮನೆಯ ಗೋಡೆಯ ಪಟದಲ್ಲಿ ಇದೇ ತಲೆಗೆ ತುಂಬ ಕೂದಲಿದೆ. ಕೆಳಗೆ ಅಪ್ಪನ ಮಾತು: "ನೀನು ಒಬ್ಬಳೇ ಇರೋದು ನೋಡೋಕಾಗಲ್ಲ. ಮೊದಲಿಂದಲೂ ನಿನ್ನ ಮೇಲೆ ಮನಸ್ಸಿತ್ತು. ಅಕ್ಕನಿಗೆ ಹೇಳಬೇಡ." ತಾರೀಖು ನೋಡಿದೆ. ಮಂಗಳವಾರ. ನಾನು ಮನೆಯಲ್ಲಿ ವಿಷಯ ಹೇಳುವುದಕ್ಕೆ ನಾಲ್ಕು ದಿನ ಮೊದಲು. ಅವರು ನನ್ನ ಫೋನು ನೋಡಲು ಕೇಳದಿದ್ದದ್ದು ಯಾಕೆಂದು ಆಗ ತಿಳಿಯಿತು. ತಾವೇ ಬರೆದು, ತಾವೇ ತೀರ್ಪು ಕೊಟ್ಟು, ಅಮ್ಮನ ಕೈಯಿಂದ ತಟ್ಟೆ ತೆಗೆಸಿದ್ದರು. ನನಗೆ ಅಳು ಬರಲಿಲ್ಲ. ಉರಿ ಬಂತು.

ಪ್ರಿಂಟು ತೆಗೆದೆ. ಹಳದಿ ಕವರು ತಂದು ಕೌಂಟರಿನ ಮೇಲೆ ಚಿಕ್ಕಮ್ಮನ ಮುಂದಿಟ್ಟೆ. ಅವಳು ಬಿಚ್ಚಿ ನೋಡಲಿಲ್ಲ.

"ಬೇಡ ಕಣೆ," ಎಂದಳು. "ನಿಮ್ಮಮ್ಮನ ಸಂಸಾರ."

"ಹದಿನಾರು ಜನಕ್ಕೂ ಸಂಸಾರ ಇತ್ತು."

ಫೋನು ಎತ್ತಿ ಮನೆಯ ನಂಬರು ಒತ್ತಿದೆ. ಚಿಕ್ಕಮ್ಮ ಫೋನಿಗೆ ಕೈಚಾಚಿದಳು, ಆಮೇಲೆ ಆ ಕೈಯನ್ನು ಹಿಂದಕ್ಕೆ ತೆಗೆದು ಕೆನ್ನೆಯ ಕಲೆಯ ಮೇಲಿಟ್ಟುಕೊಂಡಳು.

"ಅಪ್ಪ, ಸ್ಟುಡಿಯೋದಿಂದ ಮಾತಾಡ್ತಿದ್ದೀನಿ. ನಿಮ್ಮ ಫೋಟೊ ರೆಡಿ ಇದೆ. ಬಂದು ತಗೊಂಡು ಹೋಗಿ."

"ನಾನು ಯಾವ ಫೋಟೊನೂ ತೆಗೆಸಿಲ್ವಲ್ಲ," ಎಂದರು ಅಪ್ಪ. ದನಿ ಒಣಗಿತ್ತು.

"ಹಳೇದು. ತಿದ್ದಿಲ್ಲ. ಅಮ್ಮನ್ನೂ ಕರ್ಕೊಂಡು ಬನ್ನಿ."

ಹಿಂದಿನಿಂದ ಅಮ್ಮ ಕೇಳುವುದು ಕೇಳಿಸಿತು: "ಯಾರ್ರೀ ಅದು? ಸ್ಟುಡಿಯೋದಿಂದಾನಾ?" ನಾನು ಫೋನು ಇಟ್ಟೆ.

ಚಿಕ್ಕಮ್ಮ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಕವರನ್ನು ಅಂಚಿಗೆ ಸರಿಯಾಗಿ ಜೋಡಿಸಿಟ್ಟು, ಬಾಗಿಲಿನ ಕಡೆ ನೋಡುತ್ತಾ ಹೇಳಿದಳು:

"ಒಳಗಿಂದ ಒಂದು ಕುರ್ಚಿ ತಂದು ಹಾಕು. ಅಕ್ಕನಿಗೆ ನಿಂತು ಓದೋಕಾಗಲ್ಲ."